ಹಗೇವಿನ ಬಾಯಿಯಲ್ಲಿ ಕೂತವರು

ನಮ್ಮ ಮನೆಯ ಕೆಳಗೆ ಇನ್ನೊಂದು ಮನೆಯಿದೆ, ಅದರಲ್ಲಿ ಜೋಳ ವಾಸವಾಗಿದೆ ಎಂದು ಚಿಕ್ಕವಳಿದ್ದಾಗ ನಂಬಿದ್ದೆ. ಅಂಗಳದ ಬೇವಿನ ಗಿಡದ ಪಕ್ಕದಲ್ಲಿ, ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಒಂದು ಅಗಲವಾದ ಹಾಸುಗಲ್ಲಿತ್ತು. ಅದರ ಅಂಚಿಗೆಲ್ಲ ಮಣ್ಣು, ಸಗಣಿ ಕಲಸಿ ಮೆತ್ತಿದ್ದರು. ಆ ಕಲ್ಲಿನ ಕೆಳಗೆ ಹಗೇವು. ಎರಡಾಳುದ್ದ ತೋಡಿ, ಒಳಗೋಡೆಗೆ ಒಣ ಜೋಳದ ದಂಟಿನ ಕಣಿಕೆ ಹೊದಿಸಿ, ವರ್ಷದ ಜೋಳವನ್ನೆಲ್ಲ ಸುರಿದು ಬಾಯಿ ಮುಚ್ಚಿದ ಗುಂಡಿ ಅದು. ಕಾಳು ಹುಳ ಹಿಡಿಯದೆ ಅಲ್ಲಿ ಎಷ್ಟೋ ಕಾಲ ಇರುತ್ತಿತ್ತು. ಹಗೇವಿನ ಜೋಳದ ಮೊದಲ ರೊಟ್ಟಿಗೆ ಒಂದು ಥರದ ಮುಗ್ಗಲು ವಾಸನೆ ಇರುತ್ತಿತ್ತು. ಗುಲ್ಬರ್ಗದ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬ್ರೆಡ್ಡು ತಿನ್ನುತ್ತ ನಾನು ಅಳುತ್ತಿದ್ದುದು ಅವ್ವನಿಗಾಗಿ ಎಂದು ಸಿಸ್ಟರ್‌ಗಳು ತಿಳಿದಿದ್ದರು. ನಿಜವಾಗಿ ಅದು ಆ ವಾಸನೆಗಾಗಿ. ಹೇಳಿದರೆ ನಕ್ಕಾರೆಂದು ಅವ್ವನ ಹೆಸರನ್ನೇ ಹೇಳುತ್ತಿದ್ದೆ.

ಮನೆ ನಡೆಸುತ್ತಿದ್ದವಳು ಆಯಿ, ಅಂದರೆ ನನ್ನ ಅಪ್ಪನ ತಾಯಿ, ಊರವರಿಗೆಲ್ಲ ಅವ್ವಾರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಅವಳು ಪಡಸಾಲೆಯ ಕಂಬಕ್ಕೆ ಒರಗಿದಳೆಂದರೆ ಮನೆ ಶುರುವಾಯಿತು ಎಂದರ್ಥ. ಮತ್ತು ಸುಳ್ಳುಗಳೂ ಶುರುವಾದವು. ಹೌದು, ಆಯಿ ದಿನವಿಡೀ ಸುಳ್ಳು ಹೇಳುತ್ತಿದ್ದಳು. ತುಪ್ಪದ ಗಡಿಗೆ ಗೂಡಿನಲ್ಲಿ ಇದ್ದಂತೆಯೇ "ತುಪ್ಪ ತೀರೇದವಾ" ಎನ್ನುತ್ತಿದ್ದಳು. ತಾನು ಉಣ್ಣದೆ "ನಂದಾತು, ನೀವ್ ಉಣ್ರಿ" ಎನ್ನುತ್ತಿದ್ದಳು. ಯಾರಾದರೂ ಬಂದರೆ, "ಈಗರೆ ನಿಮ್ಮ ಹೆಸರು ತಗೊಂಡಿದ್ದೆ ನೋಡ್ರಿ" ಎಂದು ಬರಮಾಡಿಕೊಳ್ಳುತ್ತಿದ್ದಳು. ಅವರ ಹೆಸರನ್ನು ಅವಳು ತಿಂಗಳುಗಟ್ಟಲೆ ಎತ್ತಿರುತ್ತಿರಲಿಲ್ಲ. ಒಬ್ಬಳು ಸೊಸೆ, ಒಬ್ಬಳು ಮಗಳು ಇದ್ದ ಮನೆ. ಇಬ್ಬರಿಗೂ ಬೇರೆಬೇರೆಯಾಗಿ "ಆಕೀಕಿಂತ ನಿನ್ನ ಪುಂಡಿಪಲ್ಯನs ಛಲೋ" ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ನನಗೆ ಕಾನ್ವೆಂಟಿನ ಮಾರಲ್ ಸೈನ್ಸು ತಲೆಗೇರಿದ್ದ ಕಾಲ. ಒಂದು ರಜೆಯಲ್ಲಿ ಅವಳನ್ನು ಕೇಳಿಯೇಬಿಟ್ಟೆ.

"ಆಯಿ, ಸುಳ್ಳು ಹೇಳೋದು ಸಿನ್ ಅಂತ. ಪಾಪ. ನಮ್ಮ ಸಿಸ್ಟರ್ ಹೇಳ್ಯಾರ."

"ಹೌದೇನವಾ? ನಿಮ್ಮ ಸಿಸ್ಟರಗ ಸೊಸಿ ಅದಾಳೇನು?"

"ಅವರಿಗೆ ಮದುವಿನೇ ಆಗಿಲ್ಲ."

"ಅದಕ್ಕs ಮತ್ತ. ಖರೇ ಹೇಳಿದ್ರ ನಡೀತದ ಆಕೀಗಿ."

ಅವ್ವ ಒಲೆಯ ಮುಂದೆ ಸೆರಗು ಬಾಯಿಗಿಟ್ಟು ನಕ್ಕಳು. ಅವ್ವ ಅಫಜಲಪುರ ಕಡೆಯ ಹವಳಗಾದವಳು, ಕಬ್ಬಿನ ಸೀಮೆಯವಳು. ನಮ್ಮ ಒಣ ಊರಿಗೆ ಬಂದು ಅವಳು ಕಲಿತಿದ್ದರಲ್ಲಿ ಅರ್ಧ ಆಯಿಯ ಮುಂದೆ ನಗು ತಡೆಯುವುದು ಎಂದು ನನಗನ್ನಿಸುತ್ತದೆ.

ನನಗೆ ತಲೆ ಕೆಡುತ್ತಿದ್ದುದು ಇಲ್ಲಿ. ಇಂಥ ಆಯಿಯ ಮಾತಿನ ಮೇಲೆ ಜನ ಜೀವ ಇಡುತ್ತಿದ್ದರು. ಇದು ಮಾತಿಗೆ ಹೇಳಿದ್ದಲ್ಲ. ಹಗೇವಿನ ಕಲ್ಲು ತೆಗೆದಾಗ ಒಳಗೆ ಗಾಳಿ ಕೆಟ್ಟಿರುತ್ತದೆ. ಒಳಗೆ ಕೈ ಇಳಿಬಿಟ್ಟರೆ ಒಲೆಯ ಮೇಲೆ ಹಿಡಿದಂತೆ ಕಾವು ತಟ್ಟುತ್ತದೆ. ಹಿಂದಿನ ದಿನವೇ ಬಾಯಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಇಳಿಯುವಂತಿಲ್ಲ. ಉರಿದರೂ ನಮ್ಮ ಮನೆಯಲ್ಲಿ ಆಯಿ "ಇಳಿ" ಎನ್ನುವ ತನಕ ಯಾರೂ ಇಳಿಯುತ್ತಿರಲಿಲ್ಲ. ಒಳಗಿಳಿದು ಬುಟ್ಟಿ ತುಂಬುತ್ತಿದ್ದವನು ಸಾಯಬಣ್ಣ, ನಮ್ಮ ಹೊಲ ಮಾಡುತ್ತಿದ್ದ ಎತ್ತರದ ಮನುಷ್ಯ. ಅವನು ಕೆಳಗಿರುವಷ್ಟು ಹೊತ್ತೂ ಆಯಿ ಹಗೇವಿನ ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು. ಮತ್ತೆ ಮತ್ತೆ "ಸಾಯಬಣ್ಣಾ" ಎಂದು ಕರೆಯುವುದು, ಕೆಳಗಿನಿಂದ ಅವನು "ಓ" ಎನ್ನುವುದು. ಇಷ್ಟೇ ಕೆಲಸ. ಓ ಬಂದರೆ ಅವನಿಗೆ ಉಸಿರಿದೆ. ಬರದಿದ್ದರೆ ಎಳೆಯಬೇಕು. ಈ ಹೊತ್ತಿನಲ್ಲಿ ಆಯಿಯ ಬಾಯಲ್ಲಿ ಬೇರೆ ಮಾತಿಲ್ಲ, ಸುಳ್ಳೂ ಇಲ್ಲ. ಸಾಯಬಣ್ಣನ ಅಣ್ಣ ಬೇರೆ ಊರಿನಲ್ಲಿ, ಬೇರೆ ಯಾರದೋ ಹಗೇವಿಗೆ ಇಳಿದು ಮೇಲೆ ಬಂದಿರಲಿಲ್ಲ. ಬಾಯಿಯಲ್ಲಿ ಕೂರಬೇಕಾದವರು ಬೀಗರು ಬಂದರೆಂದು ಎದ್ದು ಹೋಗಿದ್ದರಂತೆ. ಆಮೇಲೆ ಸಾಯಬಣ್ಣ ನಮ್ಮ ಆಯಿಯನ್ನು ಬಿಟ್ಟು ಯಾರ ಮಾತಿಗೂ ಇಳಿದವನಲ್ಲ.

ನಾನು ಹೇಳಹೊರಟಿರುವುದು ಅತ್ತೆಯ ಮದುವೆ ಗೊತ್ತಾದ ಬೇಸಿಗೆಯ ಕತೆ. ಅಪ್ಪನ ತಂಗಿ ಗೌರತ್ತೆಯನ್ನು ಜೇವರ್ಗಿ ಕಡೆಯ ಕೊಳಕೂರಿಗೆ ಕೊಡುವುದೆಂದು ಮಾತಾಗಿತ್ತು. ಅಜ್ಜ ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಅಪ್ಪ ಗುಲ್ಬರ್ಗದಲ್ಲಿ ಮಾಡುತ್ತಿದ್ದ ಹೈಸ್ಕೂಲು ಮಾಸ್ತರಿಕೆ ಬಿಟ್ಟು ಹೊಲಮನೆ ನೋಡಿಕೊಳ್ಳಲು ಬಂದಿದ್ದರು. ಅಪ್ಪ ಒಂದು ಸುಳ್ಳನ್ನೂ ಹೇಳದ ಮನುಷ್ಯ. ಹೇಳಿದ ಹೊತ್ತಿಗೆ ಸರಿಯಾಗಿ ಬರುವವರು, ಇಸ್ತ್ರಿಯ ಅಂಗಿ, ಮಾತಿಗೆ ಒಂದು ರೀಸನ್. ನನ್ನ ಕಣ್ಣಿಗೆ ಅವರು ಸಿಸ್ಟರ್ ಹೇಳಿದ ಎಲ್ಲ ಗುಣಗಳೂ ಒಟ್ಟಾಗಿ ಧೋತರ ಉಟ್ಟುಕೊಂಡು ಬಂದಂತಿದ್ದರು. ಆದರೆ ಮನೆಯ ಯಜಮಾನರಾಗಿ ಅವರು ಏನು ಹೇಳಿದರೂ ಆಳುಕಾಳು, ಬಡಿಗ, ಓಣಿಯ ಹಿರಿಯರು, ಎಲ್ಲರೂ "ಹೌದ್ರಿ, ಹೌದ್ರಿ" ಅಂದು, ಆಮೇಲೆ ಪಡಸಾಲೆಯ ಕಂಬದ ಕಡೆ ಒಮ್ಮೆ ನೋಡುತ್ತಿದ್ದರು. ಆ ನೋಟ ಅಪ್ಪನಿಗೆ ಎಲ್ಲಿ ತಾಗುತ್ತಿತ್ತೆಂದು ನನಗೆ ಗೊತ್ತಿತ್ತು. ಅವರ ಕಿವಿ ಕೆಂಪಾಗುತ್ತಿತ್ತು.

ಮದುವೆಗೆ ಜೋಳ ಬೇಕೆಂದು ಹಗೇವು ತೆಗೆಸಿದರು. ಮರುದಿನ ಬೆಳಿಗ್ಗೆ ಕಂದೀಲು ಇಳಿಸಿದಾಗ ನಾನೂ ಬಗ್ಗಿ ನೋಡಿದೆ. ಜೋಳದ ಮೇಲೆ ಕೂತು ದೀಪ ನೆಟ್ಟಗೆ ಉರಿಯುತ್ತಿತ್ತು. ಅಪ್ಪ ತುಂಬ ಹೊತ್ತು ಕಾದು, ಗಡಿಯಾರ ನೋಡಿ, ಇಳಿಯಲು ಹೇಳಿದರು. ಆಯಿ ಒಳಗೆ ಕೈಬಿಟ್ಟು ನೋಡಿದಳು, ಸಾಯಬಣ್ಣನ ಮುಖ ನೋಡಿದಳು.

"ಇವತ್ತ್ ಬ್ಯಾಡ. ಗಾಳಿ ಇನ್ನಾ ಛಲೋ ಇಲ್ಲ."

"ಅವ್ವಾ, ದೀಪ ಉರ್ಯಾಕತ್ತದ. ಆಕ್ಸಿಜನ್ ಇರಲಿಲ್ಲಂದ್ರ ದೀಪ ಉರೀತದೇನು?"

"ಅದೇನ ಇರ್ತದೋ ನನಗ ತಿಳಿಯಂಗಿಲ್ಲಪಾ. ಬ್ಯಾಡಂದೆ, ಬ್ಯಾಡ."

ಅಪ್ಪ ಸಾಯಬಣ್ಣನ ಕಡೆ ತಿರುಗಿದರು.

"ನೀ ಹೇಳೋ ಸಾಯಬಣ್ಣ. ಕಣ್ಣೀಲೆ ಕಾಣ್ತದಿಲ್ಲ ದೀಪ?"

"ಕಾಣ್ತದ್ರಿ ಧಣಿ. ಛಲೋ ಉರ್ಯಾಕತ್ತದ."

"ಮತ್ತ ಇಳಿ."

ಸಾಯಬಣ್ಣ ತಲೆಯ ಟವೆಲ್ಲು ಬಿಚ್ಚಿ ಮತ್ತೆ ಸುತ್ತಿಕೊಂಡ.

"ಅವ್ವಾರು ಅಂದಿಲ್ಲಲ್ರೀ."

ಅಷ್ಟು ಜನರ ಮುಂದೆ, ಅಷ್ಟು ಮೆತ್ತಗೆ ಅಂದ. ಅಪ್ಪನ ಕಿವಿ ಕೆಂಪಾಯಿತು. ಅವರು ಅಂಗಿ ಕಳಚಿ ನನ್ನ ಕೈಗೆ ಕೊಟ್ಟರು, ಧೋತರ ಕಚ್ಚೆ ಕಟ್ಟಿದರು, ಸೊಂಟಕ್ಕೆ ಹಗ್ಗ ಬಿಗಿಯಲು ಬಂದ ಸಾಯಬಣ್ಣನ ಕೈ ಸರಿಸಿ, ಬಾಯಿಯ ಅಂಚು ಹಿಡಿದು ಇಳಿದೇಬಿಟ್ಟರು. ಆಯಿ ಕುಕ್ಕರಗಾಲಲ್ಲಿ ಕೂತಳು. ಅಪ್ಪನನ್ನು ನಾನೆಂದೂ ಕೇಳಿರದ ಅವರ ಚಿಕ್ಕಂದಿನ ಹೆಸರಿನಿಂದ ಕರೆದಳು.

"ಮಲ್ಲೂ."

ಒಳಗಿನಿಂದ ಬುಟ್ಟಿಗೆ ಕಾಳು ಬೀಳುವ ಸಪ್ಪಳವಷ್ಟೇ ಬಂತು.

"ಮಲ್ಲೂ, ಓ ಅನ್ನೋ."

ಈ ಸಲ ಸಪ್ಪಳವೂ ನಿಂತಿತು. ಕೈಯಲ್ಲಿದ್ದ ಅಂಗಿಯನ್ನು ನಾನು ಕಚ್ಚಿ ಹಿಡಿದಿದ್ದೆ. ಆಯಿ ಮೂರನೆಯ ಸಲ ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಸಾಯಬಣ್ಣ, ಅಪ್ಪನ ಮಾತಿಗೆ ಇಳಿಯದಿದ್ದವನು, ಆಯಿ "ಬ್ಯಾಡ" ಎಂದಿದ್ದ ಹಗೇವಿಗೆ ಯಾರನ್ನೂ ಕೇಳದೆ ಧುಮುಕಿದ. ಆಮೇಲೆ ಒಳಗಿನಿಂದ ಎರಡು ದನಿ ಒಟ್ಟಿಗೆ ಕೇಳಿದವು. ಅಪ್ಪ ಸಿಟ್ಟಿನಿಂದ, "ಏ, ನನಗೇನಾಗ್ಯದ? ಯಾಕ್ ಬಂದಿ?" ಎನ್ನುತ್ತಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಗಾಳಿ ಸ್ವಚ್ಛವಿತ್ತು. ಹುಡುಗರ ಹಾಗೆ ಓ ಎನ್ನಲು ನಾಚಿ, ಸಿಟ್ಟು ಮಾಡಿಕೊಂಡು ಸುಮ್ಮನೆ ಇದ್ದರು, ಅಷ್ಟೇ.

ಮೇಲೆ ಬಂದ ಸಾಯಬಣ್ಣನ ಮೈ ನಡುಗುತ್ತಿತ್ತು. ಅವನು ಅಪ್ಪನ ಎದುರು ನಿಂತು ಹೇಳಿದ್ದು ನನಗೆ ಇಂದಿಗೂ ಕೇಳಿಸುತ್ತದೆ.

"ಧಣಿ, ಬೈರಿ, ಹೊಡೀರಿ, ನಡೀತದ. ಆದ್ರ ಒಳಗ ಹೋಗಿ ಸುಮ್ಮ ಇರಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ಅಂದು ರಾತ್ರಿ ಊಟದ ಪಂಕ್ತಿಯಲ್ಲಿ ಅವ್ವ ರೊಟ್ಟಿಗೆ ಶೇಂಗಾ ಹಿಂಡಿ ಬಡಿಸಿದಳು. ಅಪ್ಪನೇ ಕೊನೆಗೆ ತಟ್ಟೆಯಿಂದ ತಲೆ ಎತ್ತಿದರು.

"ನಾ ಅಂದಿದ್ದು ಖರೇ ಆತಿಲ್ಲವ್ವಾ?"

"ಆತಪಾ."

"ಗಾಳಿ ಛಲೋ ಇತ್ತಿಲ್ಲ?"

"ಇತ್ತು."

"ಮತ್ತ?"

"ಮತ್ತೇನ್ ಮತ್ತ? ಇನ್ನೊಂದು ರೊಟ್ಟಿ ಹಾಕ್ಕೋ."

ಇಲ್ಲಿಂದ ಮುಂದೆ ನಡೆದದ್ದು ನನಗೆ ಅರ್ಥವಾಗಲಿಲ್ಲ. ಕಾನ್ವೆಂಟಿನಲ್ಲಿ ರೈಟ್ ಆನ್ಸರ್ ಕೊಟ್ಟವರಿಗೆ ಮಾರ್ಕ್ಸು. ಇಲ್ಲಿ ಅಪ್ಪನ ಆನ್ಸರ್ ರೈಟು, ಆಯಿಯದು ರಾಂಗು. ಎಲ್ಲರೂ ಕಣ್ಣಾರೆ ಕಂಡಿದ್ದರು. ಆದರೂ ಆ ದಿನದ ನಂತರ ಅಪ್ಪನ ಮಾತಿಗೆ ಇದ್ದಬದ್ದ ಬೆಲೆಯೂ ಹೋಯಿತು. ಕೊಳಕೂರಿನ ಬೀಗರು ಬಂದು ಮಧ್ಯಾಹ್ನವೆಲ್ಲ ಅಪ್ಪನೊಡನೆ ಮದುವೆಯ ಮಾತು ಮುಗಿಸಿ, ಎದ್ದು ನಿಂತು, "ಎಲ್ಲಾ ಸರಿ ಆತ್ರಿ. ಒಮ್ಮೆ ಅವ್ವಾರ ಬಾಯಿಲೇ ಕೇಳಿಬಿಡ್ತೇವಿ" ಎಂದರು. ಬಡಿಗ ಬಾಗಿಲಿನ ಅಳತೆ ತೆಗೆದುಕೊಂಡವನು "ಅವ್ವಾರೂ ಇಷ್ಟs ಅಂದ್ರೇನ್ರಿ?" ಎಂದ. ಹಗೇವಿನ ಸುದ್ದಿ ಆ ಕಡೆಯ ಊರುಗಳಿಗೆಲ್ಲ ಹೋಗಿತ್ತು, ಆದರೆ ಗಾಳಿ ಸರಿಯಿತ್ತೆಂಬ ಸುದ್ದಿಯಾಗಿ ಹೋಗಿರಲಿಲ್ಲ. ಒಳಗೆ ಹೋದ ಧಣಿ ಓ ಅನ್ನಲಿಲ್ಲವಂತೆ ಎಂಬ ಸುದ್ದಿಯಾಗಿ ಹೋಗಿತ್ತು.

ಆಯಿಯನ್ನೇ ಕೇಳಿದೆ, ನೀನು ಯಾಕೆ ಬೇಡ ಅಂದಿ ಎಂದು. "ಗಾಳಿ ಕೆಟ್ಟಿತ್ತವಾ" ಎಂದಳು! ಊಟದ ಹೊತ್ತಿನಲ್ಲಿ ಅಪ್ಪನ ಮುಂದೆ "ಇತ್ತು" ಎಂದು ಒಪ್ಪಿಕೊಂಡವಳೇ. ಅವ್ವನನ್ನು ಕೇಳಿದೆ. ಅವಳು ಆಚೀಚೆ ನೋಡಿ ಪಿಸುಗುಟ್ಟಿದಳು, "ಸಾಯಬಣ್ಣಗ ಜ್ವರ ಇದ್ವು ಅನಸ್ತದ. ಕಣ್ಣು ಕೆಂಪಗಿದ್ದವು. ಜ್ವರ ಅಂದ್ರ ನಿಮ್ಮಪ್ಪ ಬ್ಯಾರೆ ಆಳ ಕರೀತಿದ್ರು, ಇಳಿದವಂಗ ಕೊಡೋ ಬುಟ್ಟಿ ಜ್ವಾಳ ಅವಂಗ ಸಿಗ್ತಿದ್ದಿಲ್ಲ. ಅದಕ್ಕ ಗಾಳಿ ಮ್ಯಾಲ ಹಾಕಿದ್ರೋ ಏನೋ." ಏನೋ ಎಂದಳು. ಸಾಯಬಣ್ಣನಿಗೇ ಕೇಳಿದರೆ, "ಜ್ವರಾನ? ನನಗ? ಯಾವಾಗ?" ಎಂದು ನಕ್ಕ. ಅಂದರೆ ಆಯಿಯ ಆ ಮಾತು ಅವಳ ದಿನನಿತ್ಯದ ತುಪ್ಪದ ಸುಳ್ಳುಗಳಂಥದೋ? ಹಗೇವಿನ ಬಾಯಿಯಲ್ಲೂ ಅವಳು ಸುಳ್ಳು ಹೇಳಿದಳೋ? ಅಥವಾ ಸುಮ್ಮನೆ ಅವಳ ಅಂದಾಜು ತಪ್ಪಿತೋ? ಜ್ವರದ ಮೈಯಲ್ಲಿ ಅವನು ಧುಮುಕಿದ್ದು ಯಾರನ್ನು ನಂಬಿ? ಹೀಗೆ ಯೋಚಿಸುತ್ತ ಹೋದರೆ ನನಗೆ ಎಪ್ಪತ್ತು ದಾಟಿದ ಮೇಲೂ ತಲೆ ಗಿರ್ ಎನ್ನುತ್ತದೆ.

ಈಚೆಗೆ ನನ್ನ ತಮ್ಮನ ಸೊಸೆ, ಜೇವರ್ಗಿಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವವಳು, ತನ್ನ ಟ್ರೇನಿಂಗಿನ ಸ್ಲೈಡುಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಕ್ರೆಡಿಬಿಲಿಟಿ ಬೆಳೆಸಿಕೊಳ್ಳುವುದು ಹೇಗೆ, ಕಸ್ಟಮರ್ ಟ್ರಸ್ಟ್ ಗಳಿಸುವುದು ಹೇಗೆ ಎಂಬ ಸ್ಲೈಡುಗಳು. ಮೊದಲನೆಯದು, ಯಾವಾಗಲೂ ಸತ್ಯ ಹೇಳಿ. ಅಲ್ಲಿಗೇ ನಮ್ಮ ಆಯಿ ಫೇಲು. ಆಮೇಲಿನವು, ಸಮಯಪಾಲನೆ, ವಿಷಯಜ್ಞಾನ, ಆತ್ಮವಿಶ್ವಾಸ. ಅಪ್ಪ ಎಲ್ಲದರಲ್ಲೂ ಫಸ್ಟ್ ಕ್ಲಾಸ್ ಪಾಸು. "ಹೆಂಗದ ಅಜ್ಜಿ?" ಎಂದು ಆ ಹುಡುಗಿ ಕೇಳಿದಳು. ಛಲೋ ಅದ ಎಂದೆ. ಸುಳ್ಳು.

ಆಯಿಗೆ ಲಕ್ವ ಹೊಡೆದಾಗ ನಾನು ಬೋರ್ಡಿಂಗಿನಲ್ಲಿದ್ದೆ. ಬಂದು ನೋಡಿದರೆ ಪಡಸಾಲೆಯ ಕಂಬದ ಬಳಿ ಯಾರೂ ಇರಲಿಲ್ಲ. ಒಳಗಿನ ಕೋಣೆಯಲ್ಲಿ ಬಾಯಿ ಸೊಟ್ಟಗಾಗಿ, ಮಾತು ಹೋಗಿ ಮಲಗಿದ್ದಳು. ಇಡೀ ಮನೆ ಯಾವ ಮಾತಿನ ಮೇಲೆ ನಿಂತಿತ್ತೋ ಅದೇ ಇಲ್ಲವಾಗಿತ್ತು. ಹಗೇವು ತೆರೆಯುವ ಕಾಲ ಬಂದಾಗ ಅಪ್ಪ ಯಾರನ್ನೂ ಇಳಿಯೆಂದು ಕೇಳಲಿಲ್ಲ, ಕೇಳಿದ್ದರೆ ಯಾರೂ ಇಳಿಯುತ್ತಲೂ ಇರಲಿಲ್ಲ. ಸಾಯಬಣ್ಣ ಬಂದ, ಕಲ್ಲು ಎತ್ತಿದ, ಕಂದೀಲು ಇಳಿಸಿದ, ಹಗ್ಗ ಹಿಡಿದು ಮೇಲೆಯೇ ನಿಂತ. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ತಾವೇ ಇಳಿದರು. ಬಾಯಿಯಲ್ಲಿ ಕೂತು ಕರೆಯಬೇಕಾದವಳು ಅವ್ವ. ಗಂಡನ ಹೆಸರು ಅವಳ ಬಾಯಲ್ಲಿ ಬರುವುದು ಹೇಗೆ? ಸ್ವಲ್ಪ ಹೊತ್ತು ತೊಳಲಾಡಿ, ಸೆರಗು ಬಿಗಿದುಕೊಂಡು, ನನ್ನ ಹೆಸರು ಸೇರಿಸಿ ಕೂಗಿದಳು.

"ಶಾಂತಾನಪ್ಪಾರs!"

ಒಳಗಿನಿಂದ ತಡವಿಲ್ಲದೆ ಬಂತು.

"ಓ!"

ಮಾಸ್ತರಿಕೆಯ ದನಿ ಅದು, ಹಿಂದಿನ ಬೆಂಚಿಗೂ ಕೇಳಬೇಕಾದ ದನಿ. ಗೋಡೆಯಾಚೆಯ ಓಣಿಯಲ್ಲಿ ಯಾರೋ ನಕ್ಕರು. ಅವ್ವ ಮತ್ತೆ ಕರೆದಳು, ಅವರು ಮತ್ತೆ ಓ ಎಂದರು. ಆ ಸಂಜೆ ಅಪ್ಪ ಬಸ್ ಸ್ಟ್ಯಾಂಡಿನ ಕಡೆ ಹೋಗುವಾಗ ಕಟ್ಟೆಯ ಮೇಲೆ ಕೂತ ಹುಡುಗರು "ಶಾಂತಾನಪ್ಪಾರs" ಎಂದು ರಾಗ ಎಳೆದರಂತೆ. ಅಪ್ಪ ತಿರುಗಿ ನೋಡಿ, ಗಂಭೀರವಾಗಿ, "ಓ" ಎಂದು ಮುಂದೆ ನಡೆದರಂತೆ. ಹೇಳಿದವನು ಸಾಯಬಣ್ಣ. ಹೇಳುವಾಗ ಅವನು ನಗಲಿಲ್ಲ.

ಹೀಗೆ ಎಷ್ಟೋ ಬೇಸಿಗೆಗಳು. ಆಯಿ ಹೋದಳು. ನಾನು ಕಾಲೇಜಿಗೆ ಬಂದೆ. ಪ್ರತಿ ವರ್ಷ ಅಪ್ಪನೇ ಇಳಿಯುತ್ತಿದ್ದರು. ಯಾರನ್ನೂ ಒತ್ತಾಯಿಸಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಮಾತಿಗೆ ರೀಸನ್ ಕೊಡುವುದನ್ನು ನಿಧಾನವಾಗಿ ಬಿಟ್ಟಿದ್ದರೆಂದು ಕಾಣುತ್ತದೆ. ಬೆನ್ನು ನೋವು ಹತ್ತಿತ್ತು. ಇಸ್ತ್ರಿಯ ಅಂಗಿ ಹೋಗಿ ಬನಿಯನ್ ಬಂದಿತ್ತು. ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಒಂದು ಸಲ ತಪ್ಪಿ ಸುಮ್ಮನಿದ್ದುದಕ್ಕೆ ಇಷ್ಟು ವರ್ಷವೇ? ಇದು ಫೇರ್ ಅಲ್ಲ ಎನ್ನಿಸುತ್ತಿತ್ತು.

ಡಿಗ್ರಿಯ ರಜೆಗೆ ಬಂದ ಬೇಸಿಗೆ. ಕಲ್ಲು ತೆಗೆದು ಮರುದಿನ ಅಪ್ಪ ಹಗ್ಗಕ್ಕೆ ಕೈ ಹಾಕಿದರು. ಸಾಯಬಣ್ಣ ಹಗ್ಗ ಬಿಡಲಿಲ್ಲ.

"ಧಣಿ, ಸರೀರಿ ಆ ಕಡಿ. ನಿಮ್ಮ ನಡಾ ಹೋಗ್ಯದ. ನಾ ಇಳೀತೇನಿ, ನೀವ್ ಒದರ್ರಿ."

ಅಪ್ಪ ಅವನನ್ನೇ ನೋಡಿದರು.

"ನನ್ನ ಮಾತಿನ ಮ್ಯಾಲ?"

"ಮತ್ಯಾರ ಮಾತಿನ ಮ್ಯಾಲ್ರಿ? ಇಲ್ಲಿ ಇನ್ಯಾರರೆ ಅದಾರೇನು?"

ಯಾಕೆ ಅದೇ ವರ್ಷ? ಆಮೇಲೆ ಅವನನ್ನು ನಾನು ಕೇಳಿದ್ದುಂಟು. "ಯಾರಿಗ್ ಗೊತ್ರವ್ವಾ, ಮುಂಜಾನೆ ಎದ್ದೆ, ಇಳೀಬೇಕನಸ್ತು" ಎಂದ. ಆದರೆ ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದುದು ಅಪ್ಪನನ್ನು. ಎಷ್ಟು ವರ್ಷದಿಂದ ಬಯಸಿದ್ದು ಕೈಗೆ ಬಂದಾಗ ಅವರ ಮುಖ ಅರಳುತ್ತದೆ ಎಂದು ಕಾದೆ. ಅರಳಲಿಲ್ಲ, ಬಿಳಿಚಿಕೊಂಡಿತು. ಕಂದೀಲನ್ನು ಮೇಲೆಳೆದು ಮತ್ತೆ ಇಳಿಸಿದರು. ಈ ಮೂಲೆಗೆ ಸರಿಸಿದರು, ಆ ಮೂಲೆಗೆ ಸರಿಸಿದರು. ಒಳಗೆ ಕೈಬಿಟ್ಟು ಕಣ್ಣು ಮುಚ್ಚಿಕೊಂಡರು. ಸಾಯಬಣ್ಣನ ಹಣೆ ಮುಟ್ಟಿ ನೋಡಿದರು. ತಾವಾಗಿದ್ದರೆ ಎಂದೋ ಇಳಿದುಬಿಡುತ್ತಿದ್ದ ಮನುಷ್ಯ, ಬಿಸಿಲು ಅಂಗಳ ದಾಟುವ ತನಕ "ತಡಿ, ತಡಿ" ಎನ್ನುತ್ತ ಅವನನ್ನು ಕೂರಿಸಿದರು. ಕೊನೆಗೆ, ಕೇಳಿಸಿತೋ ಇಲ್ಲವೋ ಎನ್ನುವ ದನಿಯಲ್ಲಿ "ಇಳಿಯಪಾ" ಎಂದರು.

ಅವನು ಇಳಿದ ಕೂಡಲೇ ಅಪ್ಪ ಮಂಡಿಯೂರಿ ಬಾಯಿಯ ಮೇಲೆ ಪೂರ್ತಿ ಬಗ್ಗಿದರು.

"ಸಾಯಬಣ್ಣ!"

"ಓ!"

"ಸಾಯಬಣ್ಣ!"

"ಓ!"

ಒಂದು ಓ ಮುಗಿಯುವುದಕ್ಕಿಲ್ಲ, ಇನ್ನೊಂದು ಕರೆ. ಅವ್ವ ನನ್ನ ಕಡೆ ನೋಡಿದಳು. ಒಳಗಿನಿಂದ ಬುಟ್ಟಿ ಕೆಳಗಿಟ್ಟ ಸದ್ದಾಯಿತು. ಸಾಯಬಣ್ಣನ ದನಿ, ನೆಲದಡಿಯಿಂದ, ಗದರಿಕೊಂಡು ಬಂತು.

"ಏನ್ರಿ ಧಣಿ, ಹಿಂಗ್ ಒದರಿದ್ರ ಹೆಂಗ್ರಿ? ನಾ ಜ್ವಾಳ ತುಂಬಬೇಕೋ, ಓ ಅನಕೋತ ಕೂಡಬೇಕೋ?"

ಹಗ್ಗ ಹಿಡಿದವರೆಲ್ಲ ಗೊಳ್ಳೆಂದು ನಕ್ಕರು. ಅವ್ವನೂ ಈ ಸಲ ಸೆರಗು ಅಡ್ಡ ಹಿಡಿಯದೆ ನಕ್ಕಳು. ಅಪ್ಪನ ಮೂಗಿನ ತುದಿಯಿಂದ ಬೆವರ ಹನಿ ಜೋಳದ ಮೇಲೆ ಬೀಳುತ್ತಿತ್ತು. ಅವರಿಗೆ ನಗು ಕೇಳಿಸಿದಂತೆ ಕಾಣಲಿಲ್ಲ. ಎರಡೂ ಅಂಗೈ ನೆಲಕ್ಕೆ ಊರಿ, ಇನ್ನಷ್ಟು ಬಗ್ಗಿ, ಮತ್ತೆ ಕರೆದರು.